ಮದುವೆಯಾಗದವನ ಮನೆತನ

ವಂಶ ಬೆಳೆಯಲು ಮಕ್ಕಳು ಬೇಕು. ಹೆಸರು ಬೆಳೆಯಲು ಬೇಕಿಲ್ಲ. ಪೋಲೆಂಡಿನ ಕೊಶ್ಚುಷ್ಕೊ ಮನೆತನವನ್ನೇ ನೋಡಿ. ಆ ಹೆಸರಿನ ಕುಟುಂಬಗಳು ಅವರ ದೇಶದಲ್ಲೇ ವಿರಳ. ಹೆಸರು ಮಾತ್ರ ಮೂರು ಖಂಡ ಸುತ್ತಿದೆ.

ಮೂಲಪುರುಷ ಕಾನ್‌ಸ್ಟಂಟಿನ್. 1509ರಲ್ಲಿ ದೊರೆ ಒಂದನೆಯ ಸಿಗಿಸ್ಮಂಡ್ ಅವನಿಗೆ ಸೆಖ್ನೊವಿಚಿ ಎಂಬ ಹಳ್ಳಿಯನ್ನು ಉಂಬಳಿ ಕೊಟ್ಟ. ಅದೀಗ ಬೆಲಾರುಸ್‌ನಲ್ಲಿದೆ. ಕಾನ್‌ಸ್ಟಂಟಿನ್‌ಗೆ ಮುದ್ದಿನ ಹೆಸರು ಕೊಸ್ತ್ಯುಷ್ಕೊ. ತೊಟ್ಟಿಲ ಬಳಿ ಕರೆಯುವಂಥ ಆ ಹೆಸರೇ ಮುಂದೆ ದಂಡನಾಯಕನ ರುಜುವಿನಲ್ಲೂ ಕೂತಿತು.

ಆ ದಂಡನಾಯಕ 1746ರಲ್ಲಿ ಹುಟ್ಟಿದ ತದೆಉಷ್. ಶ್ರೀಮಂತ ಸೊಸ್ನೊವ್‌ಸ್ಕಿಯ ಮಗಳು ಲುದ್ವಿಕಾಳಿಗೆ ಪಾಠ ಹೇಳುತ್ತ ಮನಸ್ಸು ಕಳಕೊಂಡ. ಬರಿಗೈ ಮೇಷ್ಟರಿಗೆ ಹೆಣ್ಣು ಕೊಡುವುದಿಲ್ಲವೆಂದ ಅಪ್ಪ. ಹುಡುಗ ದೇಶ ಬಿಟ್ಟು, 1776ರಲ್ಲಿ ಅಮೆರಿಕಕ್ಕೆ ಹೋಗಿ, ಅವರ ಸ್ವಾತಂತ್ರ್ಯಯುದ್ಧಕ್ಕೆ ವೆಸ್ಟ್ ಪಾಯಿಂಟಿನಲ್ಲಿ ಕೋಟೆ ಕಟ್ಟಿಕೊಟ್ಟ. ಇತಿಹಾಸಕಾರರು ಏನೇ ಹೇಳಲಿ, ಅಮೆರಿಕ ಆ ಮಾವನಾಗದ ಮಾವನಿಗೂ ಒಂದು ಹಾರ ಹಾಕಬೇಕಿತ್ತು.

1794ರಲ್ಲಿ ಪೋಲೆಂಡಿನ ದಂಗೆಯ ನಾಯಕನಾಗಿ, ಕುಡುಗೋಲು ಹಿಡಿದ ರೈತರನ್ನೂ ಕಟ್ಟಿಕೊಂಡು ರಷ್ಯಾದ ಮೇಲೆ ಕಾದಾಡಿ, ಸೋತ. 1817ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ, ಬ್ರಹ್ಮಚಾರಿಯಾಗಿಯೇ. ಆಮೇಲೂ ಸಂಚಾರ ನಿಲ್ಲಲಿಲ್ಲ. ದೇಹ ಕ್ರಾಕೋವ್‌ನಲ್ಲಿದೆ, ಹೃದಯ ವಾರ್ಸಾದ ಅರಮನೆಯಲ್ಲಿ.

ಕ್ರಾಕೋವ್‌ನ ಜನ ಮಣ್ಣು ಹೊತ್ತು ಅವನ ನೆನಪಿಗೊಂದು ದಿಬ್ಬ ಕಟ್ಟಿದರು. 1840ರಲ್ಲಿ ಸ್ತ್ಶೆಲೆತ್ಸ್ಕಿ ಎಂಬ ಪೋಲಿಷ್ ಅನ್ವೇಷಕನಿಗೆ (ಇವನ ಹೆಸರಿಗಿಂತ ಬೆಟ್ಟ ಹತ್ತುವುದು ಸುಲಭ) ಆಸ್ಟ್ರೇಲಿಯದ ಶಿಖರವೊಂದು ಆ ದಿಬ್ಬದಂತೆಯೇ ಕಂಡಿತು. ಹೆಸರಿಟ್ಟ. 2,228 ಮೀಟರ್, ಆ ಭೂಖಂಡಕ್ಕೇ ಎತ್ತರದ ಬೆಟ್ಟ. ಅವನು ಹತ್ತಿದ್ದು ಅದನ್ನೋ ಪಕ್ಕದ್ದನ್ನೋ ಎಂಬ ತಕರಾರು ಬೇರೆ ಇದೆ. ಸರ್ಕಾರಿ ಕಾಗದಗಳಲ್ಲಿ ಹೆಸರಿನ ನಡುವಣ ಜೆಡ್ ಅಕ್ಷರ ಉದುರಿಹೋಗಿ, 1997ರಲ್ಲಷ್ಟೇ ಮರಳಿ ಬಂತು. ಜನ ಅಷ್ಟೆಲ್ಲ ಕಾಯಲಿಲ್ಲ, 'ಕೊಜಿ' ಎಂದು ಕರೆದುಬಿಟ್ಟರು. ಹೀಗೆ ಹೆಸರಿಗೆ ಮತ್ತೊಮ್ಮೆ ಮುದ್ದಿನ ರೂಪ ಬಂದಾಯಿತು.

ಅಮೆರಿಕದ ಮಿಸಿಸಿಪ್ಪಿಯಲ್ಲಿ ದಂಡನಾಯಕನ ಹೆಸರಿನ ಊರಿದೆ. ಓಪ್ರಾ ವಿನ್‌ಫ್ರೀ 1954ರಲ್ಲಿ ಹುಟ್ಟಿದ್ದು ಅಲ್ಲೇ. ನ್ಯೂಯಾರ್ಕಿನಲ್ಲೊಂದು ಸೇತುವೆಯಿದೆ. ಇಂಡಿಯಾನಾದಲ್ಲಿ ಕೊಶ್ಚುಷ್ಕೊ ಕೌಂಟಿ, ಅದರ ಮುಖ್ಯ ಪಟ್ಟಣದ ಹೆಸರು ವಾರ್ಸಾ. ಕೃತಕ ಮಂಡಿ, ಸೊಂಟದ ಕೀಲು ತಯಾರಿಕೆಗೆ ಆ ಪಟ್ಟಣ ಲೋಕಪ್ರಸಿದ್ಧ. ಆಸ್ಟ್ರೇಲಿಯದ ಕೊಶ್ಚುಷ್ಕೊ ಹತ್ತಿ ಮಂಡಿ ಸವೆಸಿಕೊಂಡವರಿಗೆ ಅಮೆರಿಕದ ಕೊಶ್ಚುಷ್ಕೊದಲ್ಲಿ ಹೊಸದು ಸಿದ್ಧವಿರುತ್ತದೆ.