ಶಕಟಸ್ನಾನ ಮೀಮಾಂಸೆ

ದೇವರಿಗೆ ಅಭಿಷೇಕವನ್ನೂ ಆನೆಗೆ ಜಲಕ್ರೀಡೆಯನ್ನೂ ಮದುಮಗನಿಗೆ ಮಂಗಳಸ್ನಾನವನ್ನೂ ವಿಧಿಸಿ, ಕ್ರಮ ತಪ್ಪಿದರೆ ಮಾಡಿಕೊಳ್ಳತಕ್ಕ ಪ್ರಾಯಶ್ಚಿತ್ತವನ್ನೂ ಮರೆಯದೆ ಹೇಳಿಟ್ಟ ನಮ್ಮ ಪ್ರಾಚೀನರು, ವೈಶಾಖದ ಬಿಸಿಲಿನಲ್ಲಿ ನಿಂತ ಮೋಟಾರು ಕಾರಿಗೆ ಯಾವ ಸಾಬೂನನ್ನು ಎಷ್ಟು ನೊರೆ ಬರಿಸಿ ಹಚ್ಚಬೇಕೆಂಬ ವಿಚಾರದಲ್ಲಿ ಮಾತ್ರ ಸಂಪೂರ್ಣ ಮೌನ ತಾಳಿರುವುದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾರುಳ್ಳವರ ಪಾಲಿಗೆ ದೊಡ್ಡದೊಂದು ಶಾಸ್ತ್ರಲೋಪವೇ ಸರಿ. ಆ ಕಾಲದಲ್ಲಿ ಕಾರುಗಳಿರಲಿಲ್ಲವೆಂಬ ಸಮಾಧಾನವನ್ನು ನಾನು ಒಪ್ಪುವವನಲ್ಲ. ತ್ರಿಕಾಲಜ್ಞರೆನಿಸಿಕೊಂಡವರು ಇಷ್ಟನ್ನಾದರೂ ಕಾಣಬೇಡವೆ?

ಮೊದಲು ದೇಶನಿರ್ಣಯ. 2018ರಲ್ಲಿ ಬೈಂದೂರೂ ಬ್ರಹ್ಮಾವರವೂ ಪ್ರತ್ಯೇಕ ತಾಲೂಕುಗಳಾದುವಷ್ಟೆ. ಆದರೆ ಕಾರಿಗೆ ಹತ್ತುವ ಕೊಳೆ ಆ ಸರಕಾರಿ ಆಜ್ಞೆಯನ್ನು ಓದಿದಂತೆ ತೋರುವುದಿಲ್ಲ. ಶೈವರು ಜೀವಾತ್ಮನಿಗೆ ಮಲತ್ರಯವನ್ನು ಹೇಳಿರುವಂತೆ ಇಲ್ಲಿನ ಶಕಟಾತ್ಮನಿಗೂ ಮೂರು ಮಲಗಳುಂಟು. ಒಂದು, ಮುರಕಲ್ಲಿನ ಕೆಂಪು ಧೂಳು. ಎರಡು, ಮರವಂತೆಯಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಎಂದು ಇಬ್ಬದಿಯೂ ನೀರನ್ನಿಟ್ಟುಕೊಂಡು ಸಾಗುವ ಹೆದ್ದಾರಿಯಲ್ಲಿ ಗಾಳಿಯೊಡನೆ ಬಂದು ಕೂರುವ ಉಪ್ಪು. ಮೂರನೆಯದು, ಮುಂದೆ ಹೋಗುವ ಮೀನು ಲಾರಿಯಿಂದ ತೊಟ್ಟಿಕ್ಕುವ ನೀರು. ಇದರ ವರ್ಣನೆಗೆ ನವರಸಗಳಲ್ಲಿ ಬೀಭತ್ಸವೊಂದೇ ಸಾಕಾಗುವುದರಿಂದ ಮುಂದುವರಿಸುವುದಿಲ್ಲ.

ಇನ್ನು ಸಾಬೂನಿನ ವಿಚಾರ. ಈ ಶಬ್ದ ಅರಬ್ಬರ ಹಡಗಿನಲ್ಲಿ ಬಂದಿತೋ ಪೋರ್ಚುಗೀಸರ ಹಡಗಿನಲ್ಲಿ ಬಂದಿತೋ ಎಂಬ ವಿವಾದವುಂಟು. ಅದನ್ನು ಕಲಸುವ ಬಾಲ್ದಿಯಂತೂ ನಿಸ್ಸಂಶಯವಾಗಿ ಪೋರ್ಚುಗೀಸರದು. ಇವರೀರ್ವರೂ ವ್ಯಾಪಾರಕ್ಕೆ ಬರುತ್ತಿದ್ದ ಬಸ್ರೂರು ಕುಂದಾಪುರಕ್ಕೆ ಕೂಗಳತೆಯಲ್ಲಿರುವುದರಿಂದ, ಬಾಲ್ದಿ ಮತ್ತು ಸಾಬೂನುಗಳ ಪ್ರಥಮ ಸಮಾಗಮ ಅಲ್ಲಿಯೇ ಆಯಿತೆಂದು ಸಾಧಿಸಲು ನನಗೆ ಆಸೆಯಿದೆ, ಆಧಾರವಿಲ್ಲ. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಬಸ್ರೂರನ್ನು ಸೂರೆಮಾಡಿದಾಗ ಕೊಂಡೊಯ್ದ ವಸ್ತುಗಳಲ್ಲಿ ಸಾಬೂನಿತ್ತೆ ಎಂಬುದನ್ನು ಇತಿಹಾಸಜ್ಞರು ಶೋಧಿಸಬೇಕು.

ಪೂರ್ವಪಕ್ಷದವರು ಎರಡು ಪಂಗಡ. ಬಟ್ಟೆ ಒಗೆಯುವ ಪುಡಿಯೂ ಪಾತ್ರೆ ತಿಕ್ಕುವ ದ್ರವವೂ ಸಾಕೆನ್ನುವವರು ಮೊದಲನೆಯವರು. ಜಿಡ್ಡು ತೆಗೆಯುವುದರಲ್ಲಿ ಇವೆರಡೂ ಶೂರರೇ ಹೌದು. ಆದರೆ ಬಂಗುಡೆ ಸಾರಿನ ಎಣ್ಣೆ ಯಾವುದು, ಕಾರಿನ ಬಣ್ಣವನ್ನು ಕಾಯಲು ಬಳಿದ ಮೇಣ ಯಾವುದು ಎಂಬ ವಿವೇಕವಿಲ್ಲದ ಶೂರರು. ಎರಡನ್ನೂ ಸಮದೃಷ್ಟಿಯಿಂದ ಕಿತ್ತುಹಾಕುತ್ತವೆ. ಎರಡನೆಯವರು ಅಂಟುವಾಳವಾದಿಗಳು. ರೇಷ್ಮೆ ಸೀರೆಗೂ ಚಿನ್ನದ ಸರಕ್ಕೂ ಒಗ್ಗಿದ ಅಂಟುವಾಳದ ನೊರೆ ಕಾರಿಗೇಕೆ ಒಗ್ಗದೆಂದು ಇವರ ಪ್ರಶ್ನೆ. ಪ್ರಶ್ನೆ ಸುಂದರವಾಗಿದೆ, ಆದರೆ ಒಂದು ಕಾರಿಗೆ ಬೇಕಾದಷ್ಟು ಕಾಯಿಯನ್ನು ನೆನೆಸಿ, ಕಿವುಚಿ, ಸೋಸಿ ಮುಗಿಸುವುದರೊಳಗೆ ಆಯುಧಪೂಜೆ ಬಂದಿರುತ್ತದೆ. ಆದುದರಿಂದ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಮಾಧ್ವರಿಗೂ ಸ್ಮಾರ್ತರಿಗೂ ಸಲ್ಲುವ ತಟಸ್ಥ ಸ್ವಭಾವದ ಕಾರಿನ ಶ್ಯಾಂಪೂವೇ ಗ್ರಾಹ್ಯವೆಂದು ಸಿದ್ಧಾಂತ.

ನೊರೆಯ ವಿಷಯ ಇಷ್ಟು ಸುಲಭವಲ್ಲ. ಈಗ ಹೆದ್ದಾರಿಯ ಬದಿಯಲ್ಲಿ ‘ವಾಟರ್ ಸರ್ವಿಸ್’ ಎಂಬ ಹಳೆಯ ಹಲಗೆಯ ಪಕ್ಕದಲ್ಲಿಯೇ ‘ಫೋಮ್ ವಾಶ್’ ಎಂಬ ಹೊಸ ಹಲಗೆ ತೂಗುತ್ತಿದ್ದು, ಪಂಪಿನ ಬಂದೂಕದಿಂದ ಹೊಮ್ಮಿದ ನೊರೆಯಲ್ಲಿ ಕಾರು ಕ್ಷೀರಸಾಗರಶಾಯಿಯಂತೆ ಅಡಗುವುದನ್ನು ಕಂಡವರಿಗೆ, ಶುದ್ಧಿ ಸಿದ್ಧಿಸಿತೆಂಬ ಭ್ರಾಂತಿ ಹುಟ್ಟುವುದು ಸಹಜ. ಆದರೆ ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂಬಂತೆ ‘ಎಲ್ಲಿ ನೊರೆಯೋ ಅಲ್ಲಿ ಶುದ್ಧಿ’ ಎಂದು ಅನುಮಾನಿಸಿದರೆ ತಾರ್ಕಿಕರು ಅದನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ತಳ್ಳಿಹಾಕುವರು. ಏಕೆಂದರೆ ಮರವಂತೆಯ ತೆರೆ ಅನಾದಿಯಿಂದ ನೊರೆಯನ್ನು ಕಾರುತ್ತಲೇ ಇದ್ದು, ಕಾರಿಗೆ ಉಪ್ಪನ್ನಲ್ಲದೆ ಬೇರೇನನ್ನೂ ಕೊಟ್ಟಿಲ್ಲ. ಅಷ್ಟೇ ಅಲ್ಲ, ಉಪ್ಪು ಸಿಹಿನೀರಿನಲ್ಲಿ ತಾನಾಗಿ ಕರಗುವ ಪದಾರ್ಥವಾದ್ದರಿಂದ ಅದಕ್ಕೆ ಸಾಬೂನೇ ಬೇಡ. ಬೇಕಾದುದು ಕಾರಿನ ಹೊಟ್ಟೆಯಡಿಗೆ, ತುಕ್ಕು ಗುಟ್ಟಾಗಿ ಸಂಸಾರ ಹೂಡುವ ಆ ಜಾಗಕ್ಕೆ, ಧಾರಾಳವಾದ ಬಾವಿನೀರು. ಬಾವಿ ಹೊಳೆಬಾಯಿಯ ಹತ್ತಿರವಿದ್ದು ಬೇಸಗೆಯಲ್ಲಿ ನೀರು ಉಪ್ಪಾಗುವುದಾದರೆ, ತೊಳೆಯುವುದೂ ಮರವಂತೆಗೆ ಮತ್ತೊಮ್ಮೆ ಹೋಗಿಬರುವುದೂ ಒಂದೇ. ನೊರೆಯ ನಿಜವಾದ ಸೇವೆ ಕೆಂಪು ಧೂಳಿನೆದುರಿಗೆ. ಒಣಧೂಳಿನ ಮೇಲೆ ಬಟ್ಟೆಯೆಳೆದರೆ ಹರಳು ಬಣ್ಣವನ್ನು ಗೀರುವುದು. ನೊರೆಯಾದರೋ ಅದನ್ನು ನೆನೆಸಿ, ಜಾರಿಸಿ, ಮೆತ್ತಗೆ ಕೆಳಗಿಳಿಸುವುದು. ಎರಡು ಬಾಲ್ದಿಗಳನ್ನಿಟ್ಟು ಒಂದರಲ್ಲಿ ಸಾಬೂನನ್ನೂ ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರನ್ನೂ ಇರಿಸಿಕೊಂಡು, ಮಾಡಿನಿಂದ ತೊಡಗಿ ಚಕ್ರದಲ್ಲಿ ಮುಗಿಸತಕ್ಕದ್ದು. ಚಕ್ರದಿಂದ ಮೇಲಕ್ಕೆ ಹೋಗುವವರಿಗೆ ಪ್ರಾಯಶ್ಚಿತ್ತವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದುದೇನೆಂದರೆ, ಆರಿಸಬೇಕಾದುದು ಸಾಬೂನನ್ನಲ್ಲ, ನೆರಳನ್ನು. ಕಾದ ತಗಡಿನ ಮೇಲೆ ನೀರು ಮೊದಲು ಆವಿಯಾಗಿ, ಅದರಲ್ಲಿ ಕರಗಿದ್ದ ಲವಣವೂ ಸಾಬೂನೂ ಹಿಂದೆ ಉಳಿದು, ತೊಳೆಯುವ ಮುನ್ನ ಇಲ್ಲದ ಕಲೆಗಳು ತೊಳೆದ ಮೇಲೆ ಮೂಡುತ್ತವೆ. ಹಾಗಾದರೆ ಯಾವುದರ ನೆರಳು? ಹಲಸಿನದು ಮೇಣ ಸುರಿಸುವುದು, ಮಾವಿನದು ಸೊನೆ. ಅಶ್ವತ್ಥದಲ್ಲಿ ಪಕ್ಷಿಸಂಕುಲ. ತೆಂಗಿನ ನೆರಳು ತೆಳುವಾದುದು, ಅದರ ಕಾಯಿ ತೆಳುವಾದುದಲ್ಲ. ಉಳಿದುದು ಮನೆಯ ನೆರಳು. ಅದೂ ಎಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಗೇ ಬಂದು ನಿಲ್ಲುವ ನಡುಹಗಲು ಜಗಲಿಯಡಿಗೆ ಸರಿದು ಮಾಯವಾಗುತ್ತದೆ. ಆಗಸ್ಟಿನಲ್ಲಿ ಅವನು ಮತ್ತೊಮ್ಮೆ ನೆತ್ತಿಗೆ ಬರುತ್ತಾನಾದರೂ ಆಗ ಮುಗಿಲು ಅಡ್ಡವಿದ್ದು, ಕಾರನ್ನು ಮಳೆಯೇ ಸಂಬಳವಿಲ್ಲದೆ ತೊಳೆಯುತ್ತಿರುತ್ತದೆ.

ಸಿದ್ಧಾಂತವನ್ನು ಪ್ರತ್ಯಕ್ಷಪ್ರಮಾಣದಿಂದ ದೃಢಪಡಿಸಲೋಸುಗ ನಾನು ಬೇಕೆಂದೇ ಅಂಥದೊಂದು ನಡುಹಗಲು ಅಂಗಳದಲ್ಲಿ ಕಾರನ್ನು ನಿಲ್ಲಿಸಿ ನೊರೆ ಬಳಿದೆ. ಬಾವಿಯಿಂದ ಎರಡನೆಯ ಕೊಡ ಸೇದಿ ತರುವುದರೊಳಗೆ ಬಾನೆಟ್ಟಿನ ಮೇಲೆ ಆ ನೊರೆಯೆಲ್ಲ ಯಕ್ಷಗಾನದ ರಾಕ್ಷಸವೇಷದ ಮುಖದ ಚುಟ್ಟಿಯಂತೆ ಬಿಗಿದು ನಿಂತಿತ್ತು. ಹಲಸಿನ ಹಪ್ಪಳ ಒತ್ತುತ್ತ ಜಗಲಿಯಲ್ಲಿ ಕುಳಿತಿದ್ದ ಸೋದರತ್ತೆ ಎದ್ದು ಬಂದು, ಬೆರಳಿನಿಂದ ತಗಡನ್ನು ಮುಟ್ಟಿ ಥಟ್ಟನೆ ಹಿಂದೆಗೆದು, “ಎಂತದಾ ಮಾಣಿ, ಇದ್ರ ಮೇಲ್ ಹಪ್ಪಳ ಹಾಕಿರೆ ಒಂದೇ ಬಿಸ್ಲಿಗ್ ಒಣ್ಗತ್ತಲೆ!” ಎಂದರು.

ಮರುದಿನ ಬೆಳಿಗ್ಗೆ ಎಂಟರೊಳಗೆ, ಮನೆಯ ನೆರಳು ಪಡುವಣದಂಗಳದಲ್ಲಿ ಚಾಚಿರುವಾಗಲೇ ಕಾರ್ಯ ಮುಗಿಸಬೇಕೆಂದು ಎರಡು ಬಾಲ್ದಿಗಳೊಡನೆ ಹೊರಟು ನೋಡಿದರೆ, ಕಾರು ಅಲ್ಲಿರಲಿಲ್ಲ. ಯಾರೋ ಅದನ್ನು ಮೂಡಣದಂಗಳದ ಬಿಸಿಲಿಗೆ ತಳ್ಳಿ ನಿಲ್ಲಿಸಿದ್ದರು. ಮಾಡಿನ ಮೇಲೊಂದು, ಬಾನೆಟ್ಟಿನ ಮೇಲೊಂದು ಹಳೆಯ ಸೀರೆ ಹಾಸಿತ್ತು. ಸೀರೆಯ ತುಂಬ ಹಪ್ಪಳ. ಅತ್ತೆ ನನ್ನ ಕೈಯಿಂದ ಬಾಲ್ದಿಗಳನ್ನು ಇಳಿಸಿಕೊಂಡು, ಕಾಗೆ ಓಡಿಸುವ ಕೋಲೊಂದನ್ನು ಕೊಟ್ಟು ಒಳಗೆ ಹೋದರು.