ಲೈಕ್ರಾ ಮಡಿ

ಅಜ್ಜಿ ಮಡಿಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಗಳುವಿನ ಮೇಲೆ ಹರವುವುದನ್ನು ಕಂಡು ಕಿಸಕ್ಕೆಂದ ಮೊಮ್ಮಕ್ಕಳೇ ಇವತ್ತು ಬೆಂಗಳೂರಿನ ಬಾಲ್ಕನಿಗಳಲ್ಲಿ ಬಿಬ್ ಶಾರ್ಟ್ಸ್ ಎಂಬ, ಸೈಕಲ್ ತುಳಿಯಲು ತೊಡುವ ಲೈಕ್ರಾ ಚಡ್ಡಿ ಒಣಹಾಕುತ್ತಿದ್ದಾರೆ. ಅದನ್ನು ಮನೆಯ ಉಳಿದ ಬಟ್ಟೆಗಳ ಜೊತೆ ಒಗೆಯುವಂತಿಲ್ಲ. ಬಿಸಿನೀರು ಸೋಕಬಾರದು, ಘಮಘಮಿಸುವ ಸಾಫ್ಟ್‌ನರ್ ಬೀಳಬಾರದು, ಹಿಂಡಬಾರದು, ಬಿಸಿಲಿಗೆ ಹಿಡಿಯಬಾರದು. ಮನೆಗೆಲಸದಾಕೆ ಮುಟ್ಟಲೇಬಾರದು. ಹೆಂಡತಿ ಮುಟ್ಟಬಹುದು, ಆದರೆ ಆಕೆಗೆ ಮನಸ್ಸಿಲ್ಲ. ಶನಿವಾರ ರಾತ್ರಿ ಅದು ಒಣಗದೇ ಉಳಿದರೆ ಭಾನುವಾರದ ನಂದಿಬೆಟ್ಟ ರದ್ದು. ಅಜ್ಜಿಗಾದರೂ ಒದ್ದೆ ಸೀರೆಯಲ್ಲೇ ಮಡಿ ನಡೆಯುತ್ತಿತ್ತು.

ಒಳಗಿನ ವಿಧಿ ಇನ್ನೂ ಕಟ್ಟುನಿಟ್ಟು. ಈ ಚಡ್ಡಿಯ ಕೂರುವ ಜಾಗದಲ್ಲೊಂದು ದಪ್ಪ ಮೆತ್ತೆ ಇರುತ್ತದೆ. ಅದು ನೇರ ಮೈಗೇ ತಾಗಬೇಕು, ನಡುವೆ ಒಂದೆಳೆ ಹತ್ತಿಯ ಬಟ್ಟೆ ಬಂದರೂ ಮೈಲಿಗೆ. ಹೊಸಬ ಯಾರಾದರೂ ಅಭ್ಯಾಸಬಲದಿಂದ ಒಳಚಡ್ಡಿ ಹಾಕಿ ಬಂದರೆಂದು ಗೊತ್ತಾದರೆ ಗುಂಪಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಿಂದೆ, ಚಡ್ಡಿ ಉಣ್ಣೆಯದಾಗಿದ್ದ ಕಾಲದಲ್ಲಿ, ಈ ಮೆತ್ತೆಯ ಜಾಗಕ್ಕೆ ಯುರೋಪಿನ ಬೆಟ್ಟದ ಆಡಿನ ಕುಲದ ಪ್ರಾಣಿಯೊಂದರ ಚರ್ಮ ಹೊಲಿಯುತ್ತಿದ್ದರು. ಈಗ ಚರ್ಮ ಹೋಗಿ ಫೋಮ್ ಬಂದಿದೆ. ಕೃಷ್ಣಾಜಿನದ ಮೇಲೆ ಕೂತು ಜಪ ಮಾಡಿದವರ ವಂಶಸ್ಥರಿಗೆ ಇದು ಅಷ್ಟೇನೂ ಹೊಸದಲ್ಲ.

ಕಾಲುಚೀಲಕ್ಕೂ ಶಾಸ್ತ್ರವಿದೆ. ಗಿಡ್ಡವಾದರೆ ಜಿಮ್‌ಗೆ ಹೊರಟವರ ಹಾಗೆ, ಉದ್ದವಾದರೆ ಫುಟ್‌ಬಾಲ್ ಆಡುವವರ ಹಾಗೆ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಕೇಳಿ: ವಿಶ್ವ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2019ರಲ್ಲಿ, ಸ್ಪರ್ಧಿಗಳ ಕಾಲುಚೀಲ ಪಾದದ ಗೆಣ್ಣಿನಿಂದ ಮೊಣಕಾಲಿನವರೆಗಿನ ಅರ್ಧ ದಾರಿಯನ್ನು ದಾಟಕೂಡದೆಂದು ನಿಯಮ ಮಾಡಿ, ಅಳೆಯಲು ಒಂದು ಸಾಧನವನ್ನೂ ತಯಾರಿಸಿತು. ಅಲ್ಲಿ ಗೆಲುವು ಸೋಲು ಸೆಕೆಂಡಿನ ಲೆಕ್ಕದ್ದು, ಅಳೆಯಲಿ. ನಮ್ಮ ಹೆಬ್ಬಾಳದಲ್ಲಿ ಸೇರುವ ಗುಂಪಿನಲ್ಲಿ ಅದನ್ನು ಅಳೆಯುವವರು ಕಣ್ಣಲ್ಲೇ ಅಳೆಯುತ್ತಾರೆ. ಕನ್ನಡಕದ ಕಡ್ಡಿ ಹೆಲ್ಮೆಟ್ಟಿನ ಪಟ್ಟಿಯ ಮೇಲೆ ಬರಬೇಕೋ ಕೆಳಗೋ ಎಂಬ ವಿಚಾರದಲ್ಲಂತೂ ಪಂಚಾಂಗದ ಜಗಳದಷ್ಟು ವಾದ ನಡೆದಿದೆ. (ಮೇಲೆ ಬರಬೇಕಂತೆ.)

ಯಾಕಪ್ಪಾ ಇಷ್ಟೆಲ್ಲ ಎಂದರೆ ಉತ್ತರ ಒಂದೇ: 'ಏರೋ'. ಗಾಳಿ ಸೀಳಿಕೊಂಡು ಹೋಗಬೇಕು ಸಾರ್. ಸರಿ, ಲೆಕ್ಕ ಹಾಕೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಗಂಟೆಗೆ 40 ಕಿ.ಮೀ. ಮೀರಿ ಓಡುವವನಿಗೆ ಪಟಪಟಿಸುವ ಅಂಗಿ ನಿಜವಾಗಿ ಶತ್ರು. ಆದರೆ 1,478 ಮೀಟರ್ ಎತ್ತರದ ನಂದಿಯ ತಿರುವುಗಳಲ್ಲಿ ಏದುಸಿರು ಬಿಡುತ್ತ 9 ಕಿ.ಮೀ. ವೇಗದಲ್ಲಿ ಹತ್ತುತ್ತಿರುವ ನಮ್ಮ ಐಟಿ ಮ್ಯಾನೇಜರ್‌ನನ್ನು ಹಿಂದಕ್ಕೆ ಎಳೆಯುತ್ತಿರುವುದು ಗಾಳಿಯಲ್ಲ, ಭೂಮಿ. ಅದಕ್ಕೂ ಅವರ ಹತ್ತಿರ ಮದ್ದುಂಟು. ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಿರಬಾರದೆಂಬ ನಿಯಮವಿದೆ; ಅಷ್ಟೇ ಹಗುರದ್ದನ್ನು ಇವರು ಸಾಲ ಮಾಡಿ ತರುತ್ತಾರೆ. ಬಾಟಲಿ ಇಡುವ ಕಟ್ಟನ್ನೂ ಕಾರ್ಬನ್ನಿನದೇ ಹಾಕಿಸಿ ಇಪ್ಪತ್ತು ಗ್ರಾಂ ಉಳಿಸುತ್ತಾರೆ. ಬೆಟ್ಟ ಇಳಿದ ಮೇಲೆ ಎರಡು ಮಸಾಲೆ ದೋಸೆ, ಒಂದು ಕೇಸರಿಬಾತ್.

ಲೈಕ್ರಾದ ಜಾತಕ ತೆಗೆದರೆ ಇನ್ನೂ ಸ್ವಾರಸ್ಯ. ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಈ ನೂಲನ್ನು ರೂಪಿಸಿದ್ದು ಸೈಕಲ್ಲಿಗಾಗಿ ಅಲ್ಲ. ಹೆಂಗಸರು ಹೊಟ್ಟೆ ಒಳಗಿಡಲು ಬಿಗಿಯುತ್ತಿದ್ದ ಒಳ ಉಡುಪಿನ ರಬ್ಬರಿಗೆ ಬದಲಾಗಿ. ಹೊಟ್ಟೆ ಮುಚ್ಚಲು ಹುಟ್ಟಿದ ಬಟ್ಟೆ ಈಗ ಬಳ್ಳಾರಿ ರಸ್ತೆಯುದ್ದಕ್ಕೂ ಹೊಟ್ಟೆ ತೋರಿಸುತ್ತ ಸಾಗಿದೆ.

ಅಂಗಿಯ ಮೇಲಿನ ಬರಹವನ್ನೂ ಓದಬೇಕು. ಜಯನಗರದ ಒಬ್ಬ ಲೆಕ್ಕಪರಿಶೋಧಕರ ಬೆನ್ನ ಮೇಲೆ ಕ್ವಿಕ್‌ಸ್ಟೆಪ್ ಅಂತಿರುತ್ತದೆ. ಅದು ಬೆಲ್ಜಿಯಂನಲ್ಲಿ ಮನೆಯ ನೆಲಕ್ಕೆ ಹಾಸುವ ಹಲಗೆಯ ಕಂಪನಿ. ಇನ್ನೊಬ್ಬರದು ಕೋಫಿಡಿಸ್; ಫ್ರಾನ್ಸಿನಲ್ಲಿ ಸಾಲ ಕೊಡುವವರು. ಈ ಜಾಹೀರಾತು ಹೊತ್ತು ತಿರುಗಲು ಸ್ಪರ್ಧಿಗಳು ಸಂಬಳ ಪಡೆಯುತ್ತಾರೆ, ನಮ್ಮವರು ದುಡ್ಡು ಕೊಡುತ್ತಾರೆ. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಕ್ರಿಕೆಟಿಗರು ನಂದಿನಿ ಹಾಲಿನ ಹೆಸರು ಹೊತ್ತು ಆಡಿದರು, ಅದೂ ಪ್ರಾಯೋಜಕತ್ವ ಪಡೆದು. ಬುದ್ಧಿವಂತರು. ಟೂರ್ ಡಿ ಫ್ರಾನ್ಸ್‌ನ ಹಳದಿ ಅಂಗಿಯನ್ನು ಮಾತ್ರ ಸಾಮಾನ್ಯರು ತೊಡಕೂಡದು, ಅದು ಗೆದ್ದವರ ಸೊತ್ತು ಎಂದು ಬಲ್ಲವರು ಗದರುತ್ತಾರೆ. 1919ರಲ್ಲಿ ಬಂದ ಆ ಹಳದಿ, ಪಂದ್ಯ ನಡೆಸುತ್ತಿದ್ದ ಲೊಟೊ ಪತ್ರಿಕೆಯ ಕಾಗದದ ಬಣ್ಣ. ಗರ್ಭಗುಡಿಯೊಳಗೂ ಜಾಹೀರಾತೇ.

ಭಾನುವಾರ ಎಂಟರ ಹೊತ್ತಿಗೆ ದೇವನಹಳ್ಳಿ ಕಡೆಯ ಯಾವುದಾದರೂ ದರ್ಶಿನಿಗೆ ಹೋಗಿ ನಿಲ್ಲಿ. ಆಗಷ್ಟೇ ಒರೆಸಿದ ಟೈಲ್ಸ್ ಮೇಲೆ, ಶೂ ಅಡಿಯ ಕ್ಲೀಟ್ ಜಾರದಂತೆ ಹಿಮ್ಮಡಿಯಲ್ಲಿ ಹೆಜ್ಜೆ ಇಡುತ್ತ, ಒಂದು ಕೈಯಲ್ಲಿ ಟೋಕನ್, ಇನ್ನೊಂದು ಕೈ ಗೋಡೆಗೆ, ಆರೇಳು ಮಂದಿ ಕೌಂಟರಿನ ಕಡೆ ಟಕಟಕ ನಡೆಯುತ್ತಿರುತ್ತಾರೆ. ಬೆನ್ನ ಜೇಬಿನಲ್ಲಿ ಬಾಳೆಹಣ್ಣು, ಮೊಬೈಲು, ಜಜ್ಜಿಹೋದ ಒಂದು ಖರ್ಜೂರದ ಪೊಟ್ಟಣ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಊರಿನ ಯಜಮಾನರೊಬ್ಬರು ಮೇಲಿಂದ ಕೆಳಗೆ ನೋಡಿ, ಬಲು ವಿನಯದಿಂದ, "ಈಜಕ್ಕೆ ಬಂದಿದ್ರಾ ಸಾರ್? ಯಾವ ಕೆರೆ ತುಂಬೈತೆ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಉತ್ತರ ಬರಲಿಲ್ಲ. ಆ ಯಜಮಾನರೂ ಸೈಕಲ್ಲಲ್ಲೇ ಬಂದಿದ್ದರು. ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ, ಕ್ಯಾರಿಯರ್ ಮೇಲೆ ಮೇವಿನ ಹೊರೆ ಇಟ್ಟುಕೊಂಡು. ಅವರನ್ನು ಯಾರೂ ಸೈಕ್ಲಿಸ್ಟ್ ಎನ್ನುವುದಿಲ್ಲ.

ತುಳಿಯುವುದರಿಂದ ಯಾರೂ ಸೈಕ್ಲಿಸ್ಟ್ ಆಗುವುದಿಲ್ಲ, ತೊಡುವುದರಿಂದ ಆಗುತ್ತಾರೆ. ಅಪಾರ್ಟ್‌ಮೆಂಟುಗಳನ್ನೇ ನೋಡಿ. ಭಾನುವಾರದ ಸೈಕಲ್ ಲಿಫ್ಟಿನಲ್ಲಿ ಒಂಬತ್ತನೇ ಮಹಡಿಗೆ ಹೋಗಿ ಸೋಫಾ ಪಕ್ಕ ನಿಲ್ಲುತ್ತದೆ. ಅದಕ್ಕೆ ಗೇಟು ತೆಗೆದು ಸಲಾಂ ಹೊಡೆದ ಸೆಕ್ಯುರಿಟಿಯವನ ಸೈಕಲ್ ಜನರೇಟರಿನ ಹಿಂದೆ, ಕಸದ ಡ್ರಮ್ಮಿಗೆ ಒರಗಿ ನಿಂತಿದೆ. ಅವನು ವಾರಕ್ಕೆ ಆರು ದಿನ, ಮಳೆಯಲ್ಲೂ, ರಾತ್ರಿ ಪಾಳಿ ಮುಗಿಸಿಯೂ ತುಳಿಯುತ್ತಾನೆ. ಸವಾರಿಗಳ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್‌ನಲ್ಲಿ ಅವನಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ವ್ಯಂಗ್ಯಕ್ಕೂ ನಗು ಬರುವುದಿಲ್ಲ. ಗಂಡಸರ ಲೈಕ್ರಾ ಹವ್ಯಾಸ, ಹೆಂಗಸರದು ಚರ್ಚೆಯ ವಿಷಯ. ಅದೇ ಚಡ್ಡಿಯ ಮೇಲೆ ಮೊಣಕಾಲವರೆಗಿನ ಟೀ ಶರ್ಟ್ ಜೋತುಬಿಟ್ಟುಕೊಂಡು ಹೊರಡುವವರಿದ್ದಾರೆ, ನಸುಕಿನಲ್ಲಿ ಹೊರಟು ಊರು ಏಳುವ ಮುಂಚೆ ಮನೆ ಸೇರುವವರಿದ್ದಾರೆ. 1898ರಲ್ಲಿ ಇಂಗ್ಲೆಂಡಿನ ಸರ್ರಿ ಸೀಮೆಯ ಹೋಟೆಲೊಂದಕ್ಕೆ ಲೇಡಿ ಹಾರ್ಬರ್ಟನ್ ಸೈಕಲ್ಲಿಗೆಂದು ಜೋಲು ಷರಾಯಿ ತೊಟ್ಟು ಬಂದಾಗ ಒಡತಿ ಕಾಫಿ ಕೋಣೆಗೆ ಬಿಡಲಿಲ್ಲ. ಮೊಕದ್ದಮೆಯಾಯಿತು, 1899ರಲ್ಲಿ ಗೆದ್ದವಳು ಹೋಟೆಲಿನೊಡತಿ. ಆ ಒಡತಿಯ ನೆಂಟರು ನಮ್ಮ ಬೀದಿಗಳಲ್ಲಿ ಇವತ್ತಿಗೂ ಜಗಲಿ ಕಟ್ಟೆ ಮೇಲೆ ಕೂತಿದ್ದಾರೆ. ಇತ್ತ 2006-07ರಿಂದ ಸರ್ಕಾರ ಎಂಟನೇ ತರಗತಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹುಡುಗಿಯರು ಯಾರ ಶಾಸ್ತ್ರವನ್ನೂ ಕೇಳಲಿಲ್ಲ. ಚೂಡಿದಾರದ ವೇಲನ್ನು ಬಿಗಿದು ಪಿನ್ ಹಾಕಿ ಹೊರಟೇಬಿಟ್ಟರು.

ಲೈಕ್ರಾ ಕಂಡರಾಗದವರ ಪಂಗಡವನ್ನೂ ಬಿಡಬಾರದು. ಖಾದಿ ಜುಬ್ಬಾ, ಕ್ಯಾನ್ವಾಸ್ ಚೀಲ, ಇಂಗ್ಲೆಂಡಿನಿಂದ ತರಿಸಿದ ಚರ್ಮದ ಸೀಟು. 'ನಾನು ಬಿಡಪ್ಪ, ಮಾಮೂಲಿ ಬಟ್ಟೇಲೇ ತುಳಿಯೋನು' ಎನ್ನುವ ಫೋಟೋವನ್ನು ನಾಲ್ಕು ಕೋನದಿಂದ ತೆಗೆಸುತ್ತಾರೆ. ಅದೂ ಮಡಿಯೇ, ಪಂಗಡ ಬೇರೆ.

ಹಾಗಂತ ಮೆತ್ತೆಯ ಚಡ್ಡಿಯೇ ಢೋಂಗಿ ಎಂದು ನಾನು ಹೇಳುತ್ತಿಲ್ಲ. ನೂರು ಕಿ.ಮೀ. ಕೂತವರ ತೊಡೆ ಸಾಕ್ಷಿ ಹೇಳುತ್ತದೆ. ವಿಜಯಪುರ, ಬಾಗಲಕೋಟೆಯ ಕ್ರೀಡಾನಿಲಯಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪಂದ್ಯಗಳಿಗೆ ಅದನ್ನೇ ತೊಟ್ಟು ಹೋಗುತ್ತಾರೆ. ಅವರ ಮೈಮೇಲೆ ಅದು ಕೆಲಸದ ಬಟ್ಟೆ. ಇನ್ನೂರು ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ, ಬ್ರೆವೆ ಎಂಬ ದೂರದ ಸವಾರಿಗೆ ಹೋಗುವವರನ್ನೂ ನೋಡಿ. ಅಲ್ಲಿ ಕಾಲುಚೀಲದ ಉದ್ದ ಯಾರೂ ಕೇಳುವುದಿಲ್ಲ. ರಾತ್ರಿ ತುಳಿಯುವಾಗ ಹೊಳೆಯುವ ಪಟ್ಟಿಯ ಜಾಕೆಟ್ ಮಾತ್ರ ಕಡ್ಡಾಯ. ನಮ್ಮ ಭಾನುವಾರದವರಿಗೆ ಅದೊಂದು ಆಗಿಬರುವುದಿಲ್ಲ, ಪೌರಕಾರ್ಮಿಕರ ಹಾಗೆ ಕಾಣುತ್ತೇವೆ ಎಂಬ ಸಂಕಟ. ಆದ್ದರಿಂದ ಐದಂಕಿಯ ಬೆಲೆಯ ಕಪ್ಪು ಬಟ್ಟೆ ತೊಟ್ಟು, ಕಪ್ಪು ಸೈಕಲ್ ಮೇಲೆ, ನಸುಕಿನ ನಾಲ್ಕೂವರೆಯ ಕತ್ತಲಲ್ಲಿ, ವಿಮಾನ ಹಿಡಿಯಲು ಹಾರಿಕೊಂಡು ಹೋಗುವ ಟ್ಯಾಕ್ಸಿಗಳ ನಡುವೆ ಹೊರಡುತ್ತಾರೆ.

ಆ ಜಾಕೆಟ್ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೋದರೆ ಎರಡು ತನ್ನಿ. ಒಂದನ್ನು ನೀವು ಹಾಕಿಕೊಳ್ಳಿ, ಇನ್ನೊಂದನ್ನು ಗೇಟಿನಲ್ಲಿ ಸಲಾಂ ಹೊಡೆಯುವವನಿಗೆ ಕೊಡಿ. ಅದನ್ನು ವಾಷಿಂಗ್ ಮೆಷಿನ್ನಿಗೂ ಹಾಕಬಹುದು.