ಫೋಮು ಪಾಸಾಯಿತು

ಪರೀಕ್ಷೆಯಲ್ಲಿ ನಕಲು ಹೊಡೆಯುವ ವಿದ್ಯೆಗೆ ನಮ್ಮ ಹುಡುಗರೇ ವಾರಸುದಾರರು ಎಂದು ನಂಬಿದವರು ಬ್ರಿಟನ್ನಿನಲ್ಲಿ ಕಟ್ಟಡದ ಗೋಡೆಗೆ ಶಾಖನಿರೋಧಕವಾಗಿ ಹಾಕುವ ಫೋಮಿನ ಉದ್ಯಮದ ಕಡೆ ಒಮ್ಮೆ ಕಣ್ಣು ಹಾಯಿಸಬೇಕು.

2014ರ ಫೆಬ್ರುವರಿಯಲ್ಲಿ ಸೆಲೋಟೆಕ್ಸ್ ಕಂಪನಿಯ ಪಿಐಆರ್ (ಪಾಲಿಐಸೊಸಯನುರೇಟ್) ಫೋಮು ಬೆಂಕಿ ಪರೀಕ್ಷೆಗೆ ಕೂತು ಡುಮ್ಕಿ ಹೊಡೆಯಿತು. ಮೇ ತಿಂಗಳಲ್ಲಿ ಸಪ್ಲಿಮೆಂಟರಿ. ಈ ಸಲ ಗೋಡೆಯೊಳಗೆ, ಉರಿಯದ ಮೆಗ್ನೀಷಿಯಂ ಆಕ್ಸೈಡ್ ಫಲಕಗಳು ಗುಟ್ಟಾಗಿ ಬಂದು ಕೂತಿದ್ದವು. ಫೋಮು ಪಾಸು! ವರದಿಯಲ್ಲಿ ಫಲಕಗಳ ಸುದ್ದಿಯೇ ಇಲ್ಲ; ಚೀಟಿ ಒದಗಿಸಿದವನ ಹೆಸರನ್ನು ಅಂಕಪಟ್ಟಿಯಲ್ಲಿ ಯಾರು ಹಾಕುತ್ತಾರೆ? ಕಿಂಗ್‌ಸ್ಪ್ಯಾನ್ ಎಂಬ ಮತ್ತೊಂದು ಕಂಪನಿ ಇನ್ನೂ ಜಾಣ. ಅದರ ಕೆ15 ಫೋಮು 2005ರಲ್ಲಿ ಪರೀಕ್ಷೆ ಬರೆಯಿತು. ಮರುವರ್ಷ ಫೋಮಿನ ಪಾಕವೇ ಬದಲಾಯಿತು, ಫಲಿತಾಂಶ ಮಾತ್ರ ಹಳೆಯದೇ ಓಡಾಡಿತು. ಕಂಪನಿ ಅದನ್ನು ಹಿಂದಕ್ಕೆ ಪಡೆದದ್ದು 2020ರಲ್ಲಿ.

ಅಷ್ಟರೊಳಗೆ 2017ರ ಜೂನ್ 14 ಬಂದುಹೋಗಿತ್ತು. ಲಂಡನ್ನಿನ ಗ್ರೆನ್‌ಫೆಲ್ ಟವರಿನ ನಾಲ್ಕನೇ ಮಹಡಿಯಲ್ಲಿ ಫ್ರಿಜ್ಜೊಂದು ಹೊತ್ತಿಕೊಂಡಿತು. 72 ಜನ ಸತ್ತರು. ಬೆಂಕಿ ಹಬ್ಬಿಸಿದ ಮುಖ್ಯ ಆರೋಪಿ ಪಾಲಿಎಥಿಲೀನ್ ತುಂಬಿದ ಅಲ್ಯೂಮಿನಿಯಂ ಹೊದಿಕೆ. ಸತುವಿನ ಹೊದಿಕೆ ಬಿಟ್ಟು ಇದನ್ನು ಹಾಕಿದ್ದರಿಂದ ಸುಮಾರು ಮೂರು ಲಕ್ಷ ಪೌಂಡ್ ಉಳಿದಿತ್ತು. ಆ ಹೊದಿಕೆಯ ಹಿಂದೆ ಸೆಲೋಟೆಕ್ಸ್ ಫೋಮು, ಅಲ್ಪಸ್ವಲ್ಪ ಕೆ15. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಹಳೆಯ ಕಸುಬು. ಇವರು ಉರಿಯುವ ಗಳವನ್ನೇ ಮಾರಿದರು.

ಇನ್ನು ಹೊಗೆ. ಪಿಐಆರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡೂ ಹೊರಡುತ್ತದೆ. ಮೊದಲನೆಯದು ರಕ್ತದಲ್ಲಿ ಆಮ್ಲಜನಕದ ಸೀಟು ಕಬಳಿಸುತ್ತದೆ. ಎರಡನೆಯದು, ತಲುಪಿದ ಆಮ್ಲಜನಕವನ್ನೂ ಜೀವಕೋಶ ಬಳಸದಂತೆ ತಡೆಯುತ್ತದೆ. ಜ್ವಾಲೆ ನಿಧಾನವಾಗಲೆಂದು ಬೆರೆಸುವ ಕೆಲವು ಕ್ಲೋರಿನ್‌ಯುಕ್ತ ರಾಸಾಯನಿಕಗಳಿಂದ ದಹನ ಅರ್ಧಂಬರ್ಧವಾಗಿ ಈ ವಿಷಗಳೇ ಹೆಚ್ಚುವುದೂ ಉಂಟು. ಅಂದರೆ ಬೆಂಕಿಗೆ ಸಂಯಮ ಕಲಿಸಿ ಹೊಗೆಗೆ ಬಡ್ತಿ! ಗ್ರೆನ್‌ಫೆಲ್‌ನ ಆ ರಾತ್ರಿ 12.54ಕ್ಕೆ ಅಗ್ನಿಶಾಮಕ ದಳಕ್ಕೆ ಮೊದಲ ಕರೆ ಹೋಯಿತು. ಇಂಥ ಹೊಗೆಯ ನಡುವೆಯೂ ಮನೆಯೊಳಗೇ ಇರಿ ಎಂಬ ಅಧಿಕೃತ ಸಲಹೆ ರದ್ದಾಗಲು 2.47 ಆಯಿತು.

ಕಟ್ಟಡ ಸಾಮಗ್ರಿಗಳ ಯುರೋಪಿಯನ್ ಅಗ್ನಿ ವರ್ಗೀಕರಣದಲ್ಲಿ ಹೊಗೆಯ ಪ್ರಮಾಣಕ್ಕೆ ಅಂಕವಿದೆ, ಉರಿಯುತ್ತ ತೊಟ್ಟಿಕ್ಕುವ ಹನಿಗೂ ಅಂಕವಿದೆ. ವಿಷಕ್ಕಿಲ್ಲ. ಅದು ಸಿಲಬಸ್ಸಿನಲ್ಲೇ ಇಲ್ಲ ಸ್ವಾಮಿ! ಅಳೆಯಿರಿ ಎಂದರೆ, ವಿಷದ ಹೊಗೆ ಹೆಚ್ಚಾಗಿ ಸೋಫಾ, ಹಾಸಿಗೆಗಳಿಂದ ತಾನೇ ಬರುವುದು ಎಂದು ಉದ್ಯಮ ವಾದಿಸುತ್ತದೆ. ಇರಬಹುದು. ಆದರೆ ಸೋಫಾಗಳನ್ನು ಯಾರೂ ಗೋಡೆಗೆ ಅಂಟಿಸಿ 24 ಅಂತಸ್ತು ಏರಿಸಿರಲಿಲ್ಲ.